ಜಾಲರಿಯಿಂದ ಬಂದ ಕೆಮ್ಮು

ಹಿಂದಿನ ಸಲ ಊರಿಗೆಲ್ಲ ಹರಡಿದ್ದ ಜ್ವರದಲ್ಲಿ ಪ್ಲಂಬರನ ಅಕ್ಕ ತೀರಿಕೊಂಡಿದ್ದಳು. ಅದಕ್ಕೆ ವಾರದ ಮುಂಚೆ ಫೋನಿನಲ್ಲಿ, "ಬಚ್ಚಲಲ್ಲಿ ಯಾರೋ ಕೆಮ್ಮಿದ ಹಾಗಾಗುತ್ತೆ ಕಣೋ" ಅಂದಿದ್ದಳು. ಅವನು ನಕ್ಕುಬಿಟ್ಟಿದ್ದ. ಆಮೇಲೆ ಹೊಳೆಯಿತು: ಬಚ್ಚಲ ಜಾಲರಿಯ ಕೆಳಗಿನ ಬಾಗುಕೊಳವೆಯಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಅದು ಒಣಗಿದರೆ ಮೇಲಿನವರ ಉಸಿರು ಕೆಳಗಿನವರಿಗೆ, ಕೆಳಗಿನವರದು ಮೇಲಿನವರಿಗೆ.

ಈಗ ಹೊಸ ವೈರಸ್ಸು. ಹನ್ನೆರಡು ಮಹಡಿಯ ಕಟ್ಟಡದಲ್ಲಿ, ಒಬ್ಬರಿಗೊಬ್ಬರ ಮುಖಪರಿಚಯವೂ ಇಲ್ಲದ ಐದು ಜನ ಹಾಸಿಗೆ ಹಿಡಿದಿದ್ದರು. ಆರೋಗ್ಯಾಧಿಕಾರಿ ಪಟ್ಟಿ ಹಿಡಿದು ತಲೆ ಕೆಡಿಸಿಕೊಂಡಿದ್ದಾಗ ಆ ಕಟ್ಟಡದ ಕೊಳವೆ ನೋಡಿಕೊಳ್ಳುತ್ತಿದ್ದ ಪ್ಲಂಬರ್ ಮನೆಸಂಖ್ಯೆಗಳ ಮೇಲೆ ಬೆರಳಿಟ್ಟ.

"ಎಲ್ಲಾ ಒಂದರ ಮೇಲೊಂದಿರೋ ಬಚ್ಚಲುಗಳು, ಮೇಡಂ. ಜನ ಭೇಟಿಯಾಗಿಲ್ಲ, ಕೊಳವೆ ಭೇಟಿ ಮಾಡಿಸಿದೆ."

ಅವತ್ತೇ ಆ ಸಾಲಿನ ಮನೆಗಳನ್ನೆಲ್ಲ ಖಾಲಿ ಮಾಡಿಸಿದರು. ಮರುದಿನ ಮಧ್ಯಾಹ್ನ ಇಬ್ಬರೂ ಮಾಸ್ಕು ಬಿಗಿದುಕೊಂಡು, ಪ್ರತಿ ಜಾಲರಿಗೂ ನೀರು ಸುರಿಯುತ್ತ ಮೇಲಿನಿಂದ ಇಳಿದರು. ಒಂಬತ್ತನೇ ಮಹಡಿಯ ಮನೆಗೆ ತಿಂಗಳುಗಳಿಂದ ಬೀಗವಿತ್ತು. ಬಾಗಿಲು ತೆಗೆಸಿ ನೋಡಿದರೆ, ಈಗಷ್ಟೇ ಯಾರೋ ಸ್ನಾನ ಮುಗಿಸಿ ಎದ್ದುಹೋದಂತೆ ಸೋಪಿನ ವಾಸನೆ. ಕನ್ನಡಿಯ ಮೇಲೆ ತೆಳ್ಳಗೆ ಹಬೆ. ಪ್ಲಂಬರ್ ಮಂಡಿಯೂರಿದ. ಜಾಲರಿಯೊಳಗಿಂದ ಕೆಮ್ಮು ಕೇಳಿಸಿತು, ಸಣ್ಣಗೆ, ಕಿವಿಯ ಪಕ್ಕದಲ್ಲೇ ಎಂಬಂತೆ.

"ಈ ಸಾಲಲ್ಲಿ ಒಂದು ನರಪಿಳ್ಳೆಯೂ ಇಲ್ಲ," ಅಧಿಕಾರಿಯ ದನಿ ತಗ್ಗಿತ್ತು. "ಗಾಳಿ ಇರಬೇಕು. ನೀರು ಹಾಕಿಬಿಡಿ."

"ನಾನೂ ಹೀಗೇ ಏನೂ ಇಲ್ಲ ಅಂದ್ಕೊಂಡು ಒಂದು ಸಲ ನಕ್ಕಿದ್ದೆ," ಎಂದು ಅವನು ಮಗ್ಗು ಕೆಳಗಿಟ್ಟು ಮೆಟ್ಟಿಲಿಳಿದ.

ಬಾಗಿಲು ಬಾಗಿಲೂ ತಟ್ಟಿದರು. ಐದನೇ ಮಹಡಿಯ ಮನೆ ಪಟ್ಟಿಯಲ್ಲಿ 'ಊರಲ್ಲಿಲ್ಲ' ಎಂದಿತ್ತು. ಒಳಗೆ ನೀರು ಹರಿಯುವ ಸದ್ದು. ಬೀಗ ಒಡೆದರು. ಬೇಸಿನ್ನಿನಲ್ಲಿ ಬಿಸಿನೀರು ಬಿಟ್ಟುಕೊಂಡು, ಹಬೆಗೆ ಮುಖವೊಡ್ಡಿ, ಒಣಗಿದ ಜಾಲರಿಯ ಪಕ್ಕದಲ್ಲಿ ಬಚ್ಚಲ ಗೋಡೆಗೊರಗಿದ್ದಳು ಮನೆಗೆಲಸದಾಕೆ. ಒಡೆಯರು ಹೊರಗಿನಿಂದ ಬೀಗ ಜಡಿದು ಹೋಗಿದ್ದರು. ಅವಳಿಗೆ ಕೂಗಲು ದನಿ ಉಳಿದಿರಲಿಲ್ಲ.

ಸ್ಟ್ರೆಚರಿನ ಮೇಲೆ ಮಲಗಿಸುವಾಗ ಅವಳು ಪ್ಲಂಬರನ ತೋಳು ಹಿಡಿದು ಪಿಸುಗುಟ್ಟಿದಳು. "ಜಾಲರಿಯಿಂದ ತುಂಬಾ ಜನ ಕೆಮ್ಮೋದು ಕೇಳ್ತಿತ್ತು ಅಣ್ಣಾ. ಒಂದೊಂದಾಗಿ ನಿಂತುಹೋಯ್ತು. ಈಗ ಒಬ್ಬಳದು ಮಾತ್ರ ಕೇಳುತ್ತೆ. ಅವಳನ್ನೂ ಕರ್ಕೊಂಡು ಬನ್ನಿ."

ನೆಲಮಹಡಿಯವರೆಗೂ ಹುಡುಕಿದರು. ಯಾರೂ ಇರಲಿಲ್ಲ.

ಮನೆಗೆಲಸದಾಕೆ ಮೂರು ವಾರಕ್ಕೆ ಚೇತರಿಸಿಕೊಂಡಳು. ಆ ಕಟ್ಟಡದಲ್ಲಿ ಹೊಸದಾಗಿ ಯಾರೂ ಹಾಸಿಗೆ ಹಿಡಿಯಲಿಲ್ಲ. ಆದರೆ ಆ ಮಧ್ಯಾಹ್ನ, ಉಳಿದ ಜಾಲರಿಗಳಿಗೆಲ್ಲ ನೀರು ಹಾಕಿ ಮುಗಿಸಿದ ಮೇಲೂ, ಪ್ಲಂಬರ್ ಐದನೇ ಮಹಡಿಯ ಬಚ್ಚಲಲ್ಲಿ ತುಂಬಿದ ಮಗ್ಗು ಹಿಡಿದು, ಅಕ್ಕನ ದನಿಗೆ ಕಾಯುವವನಂತೆ ಜಾಲರಿಗೆ ಕಿವಿಗೊಟ್ಟು ಬಹಳ ಹೊತ್ತು ಬಾಗಿ ನಿಂತಿದ್ದ. ಅಧಿಕಾರಿ ಹೊರಗಿನಿಂದ ಎರಡು ಸಲ ಕರೆದಳು. ಸುರಿಯಲೇಬೇಕಿತ್ತು; ಸುರಿದ.