ಹದಿನೇಳರ ಮಗ್ಗಿ

ಗಣಕಯಂತ್ರವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ 1968ರಲ್ಲಿ ಗೊಳಸಂಗಿಯ ನಮ್ಮ ಪಡಸಾಲೆಯಲ್ಲಿ ಕೂತು, ಅದಕ್ಕೆ ಅಪ್ಪಣೆ ಬರೆಯುವುದನ್ನು ಕಲಿತೆ. ನೀರಿಗಿಳಿಯದೆ ಈಜು ಕಲಿತ ಹಾಗೆ.

ಆಲಮಟ್ಟಿ ಅಣೆಕಟ್ಟಿನ ಕೆಲಸದಲ್ಲಿ ನಾನು ಹಾಜರಿ ಕಾರಕೂನ. ದಿನಾ ಬೆಳಿಗ್ಗೆ ಅವೇ ಹೆಸರು ಕೂಗುವುದು, ಅವೇ ಗೀಟು ಹಾಕುವುದು. ಪಾರಾಗಲು ಇದ್ದದ್ದು ಒಂದೇ ದಾರಿ. ಮುಂಬಯಿಯ ಸಂಸ್ಥೆಯೊಂದು ಅಂಚೆಯಲ್ಲಿ ಪಾಠ ಕಳಿಸಿ, ಕೊನೆಗೆ ಒಂದು ಪರೀಕ್ಷೆ ಇಡುತ್ತಿತ್ತು. ನಾವು ಬರೆದದ್ದನ್ನು ಯಂತ್ರಕ್ಕೆ ಒಂದೇ ಸಲ ಕೊಟ್ಟು ನೋಡುತ್ತಾರೆ; ಸರಿಬಂದರೆ ಅಲ್ಲೇ ನೌಕರಿ. ಮೂವತ್ತು ತುಂಬಿದವರು ಪರೀಕ್ಷೆಗೆ ಕೂರುವಂತಿಲ್ಲ. ನನಗೆ ತುಂಬಲು ಎರಡು ತಿಂಗಳಿತ್ತು.

ಪ್ರಶ್ನೆ ಸುಲಭ: ಹದಿನೇಳರ ಮಗ್ಗಿಯನ್ನು ಇಪ್ಪತ್ತರವರೆಗೆ ಬರೆಸಿ ನಿಲ್ಲಿಸಬೇಕು. ನಾನು ಬರೆದದ್ದು ಇಷ್ಟು: ಎಣಿಕೆ ಒಂದು ಎಂದಿಟ್ಟುಕೊ. ಹದಿನೇಳನ್ನು ಎಣಿಕೆಯಿಂದ ಗುಣಿಸು, ಬರೆ. ಎಣಿಕೆ ಇಪ್ಪತ್ತು ದಾಟಿಲ್ಲವೆಂದರೆ ಮತ್ತೆ ಗುಣಿಸುವ ಸಾಲಿಗೆ ಹೋಗು.

ರೂಢಿ ಮಾಡಲು ಯಂತ್ರ ಎಲ್ಲಿಂದ ತರಲಿ? ಅಪ್ಪಣೆಗಳನ್ನು ಕನ್ನಡದಲ್ಲಿ ಬರೆದು ಹೆಂಡತಿ ಅಬಿದಾಳ ಕೈಗಿಟ್ಟೆ.

"ನೀ ಯಂತ್ರ ಅಂತ ತಿಳಕೊ. ಹಾಳ್ಯಾಗ ಏನೈತಿ, ಅಷ್ಟ ಮಾಡು. ನಿನ್ನ ಶಾಣೇತನ ಬ್ಯಾಡ."

"ಆತ್ರಿ" ಎಂದಳು.

ಸುತ್ತಿಗೊಂದು ಹುಣಸೆ ಬೀಜ ಇಡುತ್ತ ಹದಿನೇಳು, ಮೂವತ್ನಾಲ್ಕು ಎಂದು ಹೇಳುತ್ತ ಹೋದಳು. ಇಪ್ಪತ್ತನೇ ಬೀಜಕ್ಕೆ ಮುನ್ನೂರ ನಲವತ್ತು ಎಂದು ಕೈ ಝಾಡಿಸಿದಳು. ಮೂರು ದಿನದಲ್ಲಿ ಒಂಬತ್ತು ಸಲ ಮಾಡಿಸಿದೆ, ಒಮ್ಮೆಯೂ ತಪ್ಪಲಿಲ್ಲ. ನನ್ನ ಜಂಬ ಕೇಳಬೇಡಿ. ಉತ್ತರವನ್ನು ಅಂಚೆಗೆ ಹಾಕಿದೆ.

ಎರಡು ತಿಂಗಳ ಮೇಲೆ ಇಟ್ಟಿಗೆಯಷ್ಟು ದಪ್ಪದ ಕಟ್ಟು ಬಂತು. ಬಿಚ್ಚಿದರೆ ಹಾಳೆ ಹಾಳೆಯಲ್ಲೂ ಒಂದೇ ಸಾಲು: ಹದಿನೇಳೊಂದ್ಲೆ ಹದಿನೇಳು. ಜೊತೆಗೆ ನನ್ನ ಹೆಸರಿಗೊಂದು ಚೀಟಿ: "ಅಮೀನುದ್ದೀನ, ಅನುತ್ತೀರ್ಣ. ಯಂತ್ರ ತಾನಾಗಿ ನಿಲ್ಲಲಿಲ್ಲ, ನಾವೇ ನಿಲ್ಲಿಸಬೇಕಾಯಿತು."

ಅಬಿದಾ ಆ ಹಳೆಯ ಕನ್ನಡದ ಹಾಳೆ ತಂದು ಬೆರಳಿಟ್ಟು ಓದಿದಳು.

"ಸುತ್ತಿಗೊಮ್ಮೆ ಎಣಿಕಿಗೆ ಒಂದು ಕೂಡಸು ಅಂತ ಇದರಾಗ ಎಲ್ಲೈತ್ರಿ?"

ಇರಲಿಲ್ಲ. ಆ ಒಂದು ಸಾಲನ್ನು ನಾನು ಬರೆದೇ ಇರಲಿಲ್ಲ. ಎಣಿಕೆ ಒಂದರಲ್ಲೇ ಕೂತಿತ್ತು.

"ಬೀಜ ನಾನಾಗೇ ಇಟ್ಟೆ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಶಾಣೇತನ ಬ್ಯಾಡ ಅಂದಿದ್ರಿ."

ತಪ್ಪು ನನ್ನದು ಎಂದು ಹೇಳಬೇಕಿತ್ತು. ನನ್ನ ಹಾಳು ಸಿಟ್ಟು, ಹಾಳೆಯನ್ನು ಅವಳ ಕೈಯಿಂದ ಕಸಿದುಕೊಂಡೆ.

"ಮುಂದಿನ ಸಲ ಹಂಗ ಮಾಡೂದಿಲ್ರಿ" ಎಂದಳು.

ಹಿಂದಿನ ವಾರವೇ ನನಗೆ ಮೂವತ್ತು ತುಂಬಿತ್ತು. ಅದು ಅವಳಿಗೂ ಗೊತ್ತಿತ್ತು.