ತೀರಿಹೋದ ನಟಿಗೆ ಎಂಬತ್ತೊಂದು ವರ್ಷ

ತಾನು ಸತ್ತು ಐವತ್ತೇಳು ವರ್ಷವಾಯಿತೆಂಬ ಸುದ್ದಿ ಮುದುಕಿಗೆ ಮುಟ್ಟಿದ್ದು ಒಂದು ಬೆಳಿಗ್ಗೆ, ಬಟಾಣಿ ಸುಲಿಯುತ್ತಿದ್ದಾಗ. ತಂದವರು ಸಿನಿಮಾ ಇತಿಹಾಸ ಬರೆದ ಮೇಷ್ಟ್ರು. ಸೊಸೆ ಕುರ್ಚಿ ಹಾಕಿದಳು.

"ಮೂಕಿ ಚಿತ್ರಗಳ ಆ ಮಹಾನಟಿ ನಿಮ್ಮ ಅಕ್ಕ ಅಂತ ಕೇಳಿದೆ. ಸ್ಟುಡಿಯೋ ಬೆಂಕೀಲಿ ತೀರಿಕೊಂಡ್ರಲ್ಲ, ಪಾಪ!"

"ಅಕ್ಕ ಅಲ್ಲಪ್ಪ, ನಾನೇ ಅದು."

ಮೇಷ್ಟ್ರು ಮಗುವಿನ ತಪ್ಪು ಲೆಕ್ಕ ನೋಡಿದಂತೆ ನಕ್ಕರು. ಅವರ ಪುಸ್ತಕ ಎರಡನೇ ಮುದ್ರಣ ಕಂಡಿತ್ತು. ಅದರಲ್ಲಿ ಅವಳ ಸಾವಿಗೇ ಒಂದು ಅಧ್ಯಾಯ; ಓದಿದವರೆಲ್ಲ ಕಣ್ಣೊರೆಸಿಕೊಂಡಿದ್ದರು. ಅಂಥ ಸಾವನ್ನು, ಯಾರೋ ಬದುಕಿದ್ದಾರೆಂಬ ಸಣ್ಣ ಕಾರಣಕ್ಕೆ ಕೈಬಿಡಲಾದೀತೆ?

ನಡೆದದ್ದು ಇಷ್ಟು. ಹದಿನಾರನೇ ವಯಸ್ಸಿಗೆ ಅವಳನ್ನು ನಾಟಕದ ಕಂಪನಿಯಿಂದ ಕುಣಿತಕ್ಕೆಂದು ಸ್ಟುಡಿಯೋಗೆ ಕರೆತಂದಿದ್ದರು. ಎಂಟು ವರ್ಷದಲ್ಲಿ ಹನ್ನೊಂದು ಚಿತ್ರ. ಸದ್ದೇ ಇಲ್ಲದ ಚಿತ್ರದಲ್ಲಿ ತಾಳ ತಪ್ಪಿತೆಂದು ನಿರ್ದೇಶಕರು ಬೈಯುತ್ತಿದ್ದರು. ಅವಳ ಕುಣಿತಕ್ಕೆ ಪಿಟೀಲು ಬಾರಿಸುವವನಿಗೆ ಕ್ಯಾಮೆರಾದ ಗರಗರವೇ ಶ್ರುತಿ. ಬೆಂಕಿ ಬಿದ್ದದ್ದೂ ನಿಜ. ಆದರೆ ಅವತ್ತು ಅವಳು ಅದೇ ಪಿಟೀಲಿನವನ ಜೊತೆ ಓಡಿಹೋಗುವ ಗಡಿಬಿಡಿಯಲ್ಲಿದ್ದಳು. ಸುಟ್ಟದ್ದು ಬರೀ ರೀಲುಗಳು. ನಾಯಕಿ ಓಡಿಹೋದಳು ಎನ್ನುವುದಕ್ಕಿಂತ ಸುಟ್ಟುಹೋದಳು ಎನ್ನುವುದು ಸಿನಿಮಾ ಕಂಪನಿಗೆ ಮರ್ಯಾದೆಯಾಗಿ ಕಂಡಿತು. ಅವಳ ಅಪ್ಪನಿಗೂ ಅದೇ ಅನುಕೂಲವಾಯಿತು.

ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಭಾನುವಾರದ ಸಂಸ್ಮರಣ ಸಭೆಗೆ 'ತಂಗಿ'ಯನ್ನು ಆಹ್ವಾನಿಸಿ ಹೋದರು.

"ನಾವ್ಯಾಕೆ ಹೋಗ್ಬೇಕು ಅತ್ತೆ? ಅವಮಾನ ಅಲ್ವಾ?" ಸೊಸೆ ಸಿಡುಕಿದಳು.

"ಬದುಕಿರೋವಾಗ ನನ್ನನ್ನ ಯಾರೂ ಹೊಗಳಿಲ್ಲ ಕಣೇ. ಕೇಳ್ಕೊಂಡಾದ್ರೂ ಬರೋಣ, ನಡಿ."

ಸಭೆಯಲ್ಲಿ ಎಲ್ಲರೊಂದಿಗೆ ಎದ್ದು ನಿಂತು ತನಗಾಗಿ ತಾನೇ ಒಂದು ನಿಮಿಷ ಮೌನ ಆಚರಿಸಿದಳು. ಮಂಡಿ ನೋಯುತ್ತಿತ್ತು, ಸತ್ತವಳ ಮೇಲೆ ಸಿಟ್ಟೂ ಬಂತು. ಆಮೇಲೆ ಪರದೆಯ ಮೇಲೆ, ಬೆಂಕಿಗೆ ಸಿಗದೆ ಉಳಿದಿದ್ದ ಒಂದೇ ತುಣುಕು ಓಡಿತು. ಹುಡುಗಿಯೊಬ್ಬಳು ಗಿರ್ರನೆ ತಿರುಗುತ್ತಿದ್ದಳು. ಚೌಕಟ್ಟಿನ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಪಿಟೀಲಿನವನ ಮೊಣಕೈ. ಅವನು ಹೋಗಿ ಒಂಬತ್ತು ವರ್ಷವಾಗಿತ್ತು. ಮುದುಕಿ ನೋಡಿದ್ದು ಆ ಮೊಣಕೈಯನ್ನೇ.

"ಅಕ್ಕನ ಬಗ್ಗೆ ಎರಡು ಮಾತಾಡಿ," ಎಂದರು ಮೇಷ್ಟ್ರು.

ಮಾತು ಅವಳ ಕಸುಬಾಗಿರಲಿಲ್ಲ. ಊರುಗೋಲನ್ನು ಸೊಸೆಯ ಕೈಗಿಟ್ಟು, ವೇದಿಕೆ ಹತ್ತಿ, ಅದೇ ಕುಣಿತದ ಎಂಟು ಹೆಜ್ಜೆ ಹಾಕಿದಳು. ಸಭೆ ಉಸಿರು ಬಿಗಿಹಿಡಿದು ನೋಡಿತು.

ಮೇಷ್ಟ್ರು ಅಧ್ಯಕ್ಷರ ಕಿವಿಯಲ್ಲಿ, ಕೊನೆಯ ಸಾಲಿಗೂ ಕೇಳುವಂತೆ, ಪಿಸುಗುಟ್ಟಿದರು: "ಪರವಾಗಿಲ್ಲ. ಆದ್ರೆ ಅಕ್ಕನ ಕಾಲಿನ ಧೂಳಿಗೂ ಸಮ ಇಲ್ಲ."

ಇಷ್ಟು ದೊಡ್ಡ ಮೆಚ್ಚುಗೆ ಮುದುಕಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಮೇಷ್ಟ್ರ ಕಡೆ ತಿರುಗಿ ಸೊಂಟ ಬಗ್ಗುವಷ್ಟು ಬಗ್ಗಿ ನಮಸ್ಕರಿಸಿದಳು.