ಎಡರೆಕ್ಕೆ ಎರಡು ಮಿಲಿಮೀಟರ್ ಕೆಳಗೆ

ಅಚ್ಚಿನಿಂದ ಬಂದ ಎಡರೆಕ್ಕೆಯನ್ನು ಡ್ರಾಹೊಮೀರಾ ಗಾಜಿನ ಹಲಗೆಯ ಮೇಲಿಟ್ಟು ನೋಡಿದಳು. ನೆಟ್ಟಗಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ವಿಶ್ಕೊವ್ ಊರಿನ ಆ ಪುಟ್ಟ ಕಾರ್ಖಾನೆಯಲ್ಲಿ ಜನ ಮನೆಯಲ್ಲಿ ಜೋಡಿಸುವ ಪುಟ್ಟ ರೆಸಿನ್ ಮಾದರಿ ವಿಮಾನಗಳ ಕಿಟ್‌ಗಳಿಗೆ, ಅಚ್ಚು ತೆಗೆಯಲು ಬೇಕಾದ ಮೂಲಪ್ರತಿ ಕೆತ್ತುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಕಂಡವರ ವಿಮಾನಗಳನ್ನೆಲ್ಲ ಕೆತ್ತಿ ಮುಗಿಸಿ, ಅರವತ್ತು ದಾಟಿದ ಮೇಲೆ ತನ್ನಪ್ಪ ಅಲೋಯ್ಸನ ವಿಮಾನಕ್ಕೆ ಕೈಹಾಕಿದ್ದಳು. ತಾನೇ ಕೂತು ಹಾರಿಸುವ ಆ ನಿಜವಾದ ವಿಮಾನವನ್ನು ಅಲೋಯ್ಸ್ ಕಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುವ ಹಾಗಲ್ಲ, ಗಂಜಲ ಹರಿಯಲೆಂದು ಮಾಡಿದ ಆ ನೆಲ ನಿಜಕ್ಕೂ ಡೊಂಕೇ. ಅದನ್ನು ನಂಬಿ ಅಳತೆ ಹಿಡಿದದ್ದಕ್ಕೆ ಎಡರೆಕ್ಕೆ ಹದಿನಾಲ್ಕು ಸೆಂಟಿಮೀಟರ್ ಕೆಳಗೆ ಜೋತಿತು. ಬಿಚ್ಚಿ ಕಟ್ಟು ಎಂದರು ಹಾರಾಟದ ಕ್ಲಬ್ಬಿನವರು. ಹಾರುತ್ತದಲ್ಲ, ಮತ್ತೇನು ಎಂದ ಆ ಹಟಮಾರಿ, ಹಿಡಿಕೋಲನ್ನು ಚೂರು ಬಲಕ್ಕೆ ಒತ್ತಿಕೊಂಡೇ ಹನ್ನೊಂದು ವರ್ಷ ಹಾರಿಸಿದ. ಅವನು ಹೋದ ಮೇಲೆ ಅದನ್ನು ಒಡೆದು ಸೌದೆ ಮಾಡಿದರು. ಈಗ ಉಳಿದಿರುವುದು ಮೂರು ಫೋಟೋ, ಮತ್ತು ಎಪ್ಪತ್ತೆರಡು ಪಟ್ಟು ಚಿಕ್ಕದಾದ ಈ ಕಿಟ್. ಆ ಹದಿನಾಲ್ಕು ಸೆಂಟಿಮೀಟರ್ ಇದರಲ್ಲಿ ಎರಡು ಮಿಲಿಮೀಟರ್, ಅವಳು ಅದನ್ನು ಹಾಗೇ ಕೆತ್ತಿದ್ದಳು. ಇದೂ ನೆಟ್ಟಗಾದರೆ ಅಪ್ಪನ ವಿಮಾನ ಲೋಕದಲ್ಲಿ ಇರಲೇ ಇಲ್ಲ ಎಂದಾಗುತ್ತದೆ.

ಕೆಟ್ಟ ಬುದ್ಧಿಯಿಂದ ಯಾರೂ ಮಾಡಿದ್ದಲ್ಲ, ಅದಕ್ಕೇ ಅವಳಿಗೆ ಇನ್ನೂ ಸಿಟ್ಟು. ಬಗ್ಗಿದ ರೆಸಿನ್ ರೆಕ್ಕೆ ಕಂಡರೆ ಈ ಕಸುಬಿನವರ ಕೈ ತಾನಾಗಿಯೇ ಬಿಸಿನೀರಿನ ಕಡೆ ಹೋಗುತ್ತದೆ. ಅದ್ದಿ, ಮೆತ್ತಗಾದಾಗ ನೇರ ಮಾಡಿ, ತಣ್ಣೀರಿಗೆ ಹಾಕಿದರೆ ಆಯಿತು. ಮಾಲೀಕ ಬೋಹುಶ್ ಅವಳ ಮೂಲಪ್ರತಿಗೆ ಅದನ್ನೇ ಮಾಡಿ, ದೊಡ್ಡ ಉಪಕಾರ ಮಾಡಿದೆನೆಂದುಕೊಂಡು ಅಚ್ಚು ತೆಗೆದಿದ್ದ.

ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವಳು ಅವನನ್ನು ಬಲ್ಲಳು. ಶನಿವಾರ ಮಾದರಿ ವಿಮಾನಗಳ ಮೇಳವಿದೆ, ನಲವತ್ತು ಪೆಟ್ಟಿಗೆ ತಯಾರಾಗಿವೆ, ಸೊಟ್ಟ ರೆಕ್ಕೆ ಕಂಡರೆ ಗಿರಾಕಿಗಳು ವಾಪಸ್ ಕಳಿಸುತ್ತಾರೆ ಎಂದೆಲ್ಲ ಅವನು ಹೇಳಿ ನೋಡಿದ.

"ಎರಡು ಮಿಲಿಮೀಟರ್, ಚಿಕ್ಕಮ್ಮ. ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ ಅಂದ್ಮೇಲೆ ವಾಪಸ್ ಯಾಕೋ ಕಳಿಸ್ತಾರೆ?"

ಅವಳು ಕೆಟಲಿಗೆ ನೀರು ತುಂಬಿದಳು. ನಲವತ್ತು ಪೆಟ್ಟಿಗೆಯನ್ನೂ ಬಿಚ್ಚಿ, ನೆಟ್ಟಗಿದ್ದ ಎಡರೆಕ್ಕೆಗಳನ್ನು ಒಂದೊಂದಾಗಿ ಬಿಸಿನೀರಿನಲ್ಲಿ ಅದ್ದಿ, ಬೆರಳು ಸುಟ್ಟುಕೊಳ್ಳುತ್ತ ಕೆಳಕ್ಕೆ ಬಗ್ಗಿಸತೊಡಗಿದಳು. ಕಂಪನಿಯ ಹೆಸರು ಕೆಡುತ್ತದೆ ಎಂದು ಬೋಹುಶ್ ಗೊಣಗಿದ. ಹಾಗಾದರೆ ಪೆಟ್ಟಿಗೆಯ ಮೇಲೆ ನನ್ನ ಹೆಸರು ಹಾಕು, ಅದೇ ಕೆಡಲಿ ಎಂದಳು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಕೊನೆಗೆ ಅವನೇ ಅಂಗಡಿಯಿಂದ ಎರಡು ಕೊಲಾಚ್ ಸಿಹಿಬನ್ನು ತಂದು ಅವಳ ಪಕ್ಕಕ್ಕಿಟ್ಟು, ಪೆಟ್ಟಿಗೆ ಮುಚ್ಚಲು ಕೂತ.

ಶನಿವಾರ ಅವರ ಮೇಜಿಗೆ ಮೊದಲು ಬಂದವನು ಮೇಳದಲ್ಲಿ ನಡೆಯುವ ಮಾದರಿ ಜೋಡಿಸುವ ಪಂದ್ಯದ ತೀರ್ಪುಗಾರ ಹವ್ರಾನೆಕ್. ಅವನು ಕೊಂಡದ್ದನ್ನೇ ಇಡೀ ಸಭಾಂಗಣ ಕೊಳ್ಳುತ್ತದೆ. ದುಡ್ಡು ಕೊಟ್ಟು, ಪೆಟ್ಟಿಗೆ ತೆರೆದು, ಎಡರೆಕ್ಕೆಗೆ ಸ್ಕೇಲ್ ಹಿಡಿದ. ಡ್ರಾಹೊಮೀರಾ ಕೊಟ್ಟಿಗೆಯ ನೆಲದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ಪೂರ್ತಿ ಕೇಳಿ ನಕ್ಕ.

"ಒಳ್ಳೇ ಕತೆ ಕಣ್ರೀ. ಆದ್ರೂ ಮನೆಗೆ ಹೋಗಿ ಬಿಸಿನೀರಿಗೆ ಹಾಕಿ ಸರಿ ಮಾಡ್ಕೋತೀನಿ. ಸೊಟ್ಟ ಇದ್ರೆ ನಂಗೆ ತಡ್ಕೊಳ್ಳಕ್ಕಾಗಲ್ಲ."

ಅವಳು ಅವನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು, ಅವನ ಐನೂರು ಕ್ರೌನಿನ ನೋಟನ್ನು ಅವನ ಜೇಬಿಗೇ ತುರುಕಿದಳು. ಬೋಹುಶ್ ತಲೆಯ ಮೇಲೆ ಕೈಹೊತ್ತುಕೊಂಡ.

"ಹಂಗಾದ್ರೆ ಇದು ನಿಮಗೆ ಮಾರೋದಲ್ಲ. ನಮ್ಮಪ್ಪ ಬದುಕಿರೋವರ್ಗೂ ಇದನ್ನ ನೆಟ್ಟಗೆ ಮಾಡಕ್ಕೆ ಯಾರಿಗೂ ಬಿಡ್ಲಿಲ್ಲ, ಈಗ ನಾನಿದೀನಿ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಹಿಂದಿನವರು ಬರ್ಲಿ."